ಬಳೆ ಅಂಗಡಿಯ ಶತ್ರು

ನಮ್ಮ ಚಿಕ್ಕಮ್ಮ ಬರುತ್ತಾಳೆಂದು ಗೊತ್ತಾದರೆ ಸಾಕು, ಶಿಕಾರಿಪುರದಿಂದ ಸೊರಬದವರೆಗಿನ ನೆಂಟರೆಲ್ಲ ಮೊದಲು ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಾರೆ! ಅವಳೇನು ಹೊಡೆಯುವವಳಲ್ಲ. "ಕೈ ತೊಳ್ದ್ರಾ?" ಎಂದು ಕೇಳುತ್ತಾಳೆ, ಅಷ್ಟೇ. ತೊಳೆದಿದ್ದೇನೆ ಎಂದರೆ "ಸೋಪು ಹಾಕಿ?" ಎನ್ನುತ್ತಾಳೆ. ಹೂಂ ಎಂದರೆ "ಉಗುರು ಸಂದಿ?" ಎನ್ನುತ್ತಾಳೆ. ಅಲ್ಲಿಗೆ ಮನುಷ್ಯ ಸೋತು ನಲ್ಲಿಯ ಕಡೆ ನಡೆಯುತ್ತಾನೆ.

ಚಿಕ್ಕಮ್ಮ ಜಿಲ್ಲೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ರೋಗಾಣುಗಳ ಡಾಕ್ಟರು. ಯಾವ ಔಷಧಿಗೆ ಯಾವ ರೋಗಾಣು ಸಾಯುವುದಿಲ್ಲ, ಅದು ಒಂದು ಮಂಚದಿಂದ ಇನ್ನೊಂದು ಮಂಚಕ್ಕೆ ಯಾರ ಕೈ ಹಿಡಿದುಕೊಂಡು ಹೋಗುತ್ತದೆ ಎಂಬುದೇ ಅವಳ ಸಂಶೋಧನೆ. ಗಾಜಿನ ತಟ್ಟೆಯಲ್ಲಿ ಅವನ್ನು ಬೆಳೆಸಿ, ಅವುಗಳ ಕ್ಷೇಮ ಸಮಾಚಾರ ನೋಡುತ್ತಿರುತ್ತಾಳೆ. ಉಡುತಡಿ ಕಡೆಯ ನಮ್ಮ ಮಾವನೊಬ್ಬರು ಕುರಿ ಸಾಕುವವರು. ಸಾಕುವವರಿಗೆ ಸಾಕುವವರ ಮೇಲೆ ಒಂದು ಅಭಿಮಾನ ಇರುತ್ತದಲ್ಲ! ಕುತೂಹಲದಿಂದ ಕೇಳಿದರು: "ಅವಕ್ಕೆ ಮೇವು ಏನ್ ಹಾಕ್ತೀಯವ್ವಾ?"

"ಕುರಿ ರಕ್ತ" ಎಂದಳು ಚಿಕ್ಕಮ್ಮ.

ನಿಜವಾಗಿಯೂ ಕುರಿ ರಕ್ತವನ್ನೇ ಬೆರೆಸುತ್ತಾರಂತೆ. ಮಾವ ಒಂದೇ ಗುಟುಕಿಗೆ ಕಾಫಿ ಮುಗಿಸಿದರು. ಆಮೇಲೆ ಅವಳು ಆ ಕಡೆ ಹೋದಾಗಲೆಲ್ಲ ಹಿಂಡನ್ನು ಹಿತ್ತಲ ಕಡೆ ಹೊಡೆಸುತ್ತಾರೆಂದು ಅತ್ತೆಯೇ ಹೇಳಿದರು.

ಅವಳ ಕೈಚೀಲದಲ್ಲಿ ಹತ್ತಿ ಸುತ್ತಿದ ಕಡ್ಡಿಗಳ ಕಟ್ಟು ಯಾವಾಗಲೂ ಇರುತ್ತದೆ. ಬಾಗಿಲ ಚಿಲಕ, ಬಸ್ಸಿನ ಕಂಬಿ, ಎಲ್ಲೆಂದರಲ್ಲಿ ಉಜ್ಜಿ ಕೊಳವೆಗೆ ಹಾಕಿಕೊಳ್ಳುವುದೇ! ಗುಡವಿ ಪಕ್ಷಿಧಾಮಕ್ಕೆ ಕರೆದುಕೊಂಡು ಹೋದರೆ ನಾವೆಲ್ಲ ಹಕ್ಕಿ ನೋಡಿದೆವು, ಅವಳು ಹಕ್ಕಿ ಹಿಕ್ಕೆ ನೋಡಿದಳು. ಒಮ್ಮೆ ಆಸ್ಪತ್ರೆಯ ದೊಡ್ಡ ಸರ್ಜನ್ ಸಾಹೇಬರ ಮೊಬೈಲನ್ನು ಉಜ್ಜಿ, ಅದರಲ್ಲಿ ಬೆಳೆದದ್ದನ್ನು ತಟ್ಟೆಯ ಸಮೇತ ಅವರ ಮೇಜಿನ ಮೇಲಿಟ್ಟಳಂತೆ. ಪಕ್ಕದಲ್ಲಿ ಪಾಯಖಾನೆ ನಲ್ಲಿಯ ತಟ್ಟೆ. "ಸಾರ್, ಇದ್ರಲ್ಲಿ ನಿಮ್ದು ಯಾವುದು ಹೇಳಿ ನೋಡೋಣ" ಎಂದಳಂತೆ. ಅವರು ಚೊಕ್ಕಟವಾಗಿದ್ದ ತಟ್ಟೆಯನ್ನು ಧೈರ್ಯವಾಗಿ ತೋರಿಸಿದರು. ಅದು ಪಾಯಖಾನೆಯದು!

ಇದೆಲ್ಲ ಊರ ಮೇಲಿನ ಯುದ್ಧವಾಯಿತು. ಆದರೆ ಒಡಹುಟ್ಟಿದ ಅಕ್ಕನ ಹೊಟ್ಟೆಯ ಮೇಲೆ ಹೊಡೆಯುವುದೆಂದರೇನು? ನಮ್ಮದು ಶಿಕಾರಿಪುರದಲ್ಲಿ ಬಳೆ ಅಂಗಡಿ. ಸೊರಬದಿಂದ ಮದುವೆಯಾಗಿ ಬಂದ ನಮ್ಮವ್ವ ಅಂದಿನಿಂದ ಇಂದಿನವರೆಗೆ ಬಳೆ ತೊಡಿಸುತ್ತಲೇ ಇದ್ದಾಳೆ. ಕೈ ಹಿಡಿದು ಒಮ್ಮೆ ಅಮುಕಿದರೆ ಸಾಕು, ಅಳತೆ ಮಾತ್ರವಲ್ಲ, ಮನೆಯಲ್ಲಿ ರೊಟ್ಟಿ ತಟ್ಟುವವರು ಅತ್ತೆಯೋ ಸೊಸೆಯೋ ಎಂಬುದನ್ನೂ ಹೇಳಿಬಿಡುತ್ತಾಳೆ. ಅಂಥ ಅಂಗಡಿಯ ಬಾಗಿಲಲ್ಲಿ ನಿಂತು ಚಿಕ್ಕಮ್ಮ ನರ್ಸ್ ಹುಡುಗಿಯರಿಗೆ, "ಡ್ಯೂಟಿ ಮೇಲೆ ಮೊಣಕೈ ಕೆಳಗೆ ಏನೂ ಇರಬಾರ್ದು ಕಣ್ರೇ, ಬಳೆ ಕೆಳಗೇ ಕ್ರಿಮಿ ಕೂತಿರ್ತಾವೆ" ಎಂದು ಉಪದೇಶ ಮಾಡಿದಳು. ಅವರು ಆರಿಸಿಟ್ಟಿದ್ದ ಬಳೆಗಳನ್ನು ಅಲ್ಲೇ ಬಿಟ್ಟು ಹೋದರು.

"ನನ್ನ ಅನ್ನಕ್ಕೆ ಕಲ್ಲು ಹಾಕೋಕೆ ಹುಟ್ಟಿದೀಯೇನೇ ಮಾರಾಯ್ತಿ!" ಎಂದು ಅವ್ವ ಹಣೆ ಚಚ್ಚಿಕೊಂಡಳು. ಚಿಕ್ಕಮ್ಮನದೋ ಯಾವಾಗಲೂ ಬೋಳುಗೈ. ಅಕ್ಕ ಒಂದು ಬಳೆ ತೊಡಿಸುತ್ತೇನೆಂದರೂ ಕೈ ಕೊಡಳು.

ಇನ್ನು ಅವ್ವನ ಮಾತ್ರೆ ಡಬ್ಬಿಯ ಕಥೆ ಕೇಳಿ. ಮನೆಯಲ್ಲಿ ಯಾರಿಗೆ ಡಾಕ್ಟರು ಐದು ದಿನದ ಮಾತ್ರೆ ಬರೆದುಕೊಟ್ಟರೂ ಎರಡು ದಿನಕ್ಕೆ ಜ್ವರ ಬಿಡುತ್ತದೆ. ಉಳಿದ ಮಾತ್ರೆ ಅವ್ವನ ಹಳೇ ಬಳೆ ಡಬ್ಬಿ ಸೇರುತ್ತದೆ. ಆಮೇಲೆ ಬಳೆಗೆ ಬಂದ ಯಾರಾದರೂ ಕೆಮ್ಮಿದರೆ, "ತಗಳ್ರಿ, ಈ ಹಳದೀದು ನಮ್ ಹುಡುಗಂಗೆ ಚಲೋ ಹಿಡೀತು" ಎಂದು ದಾನ! ಚಿಕ್ಕಮ್ಮನ ಕಣ್ಣಿಗೆ ಬಿದ್ದ ದಿನ ಅಂಗಡಿ ನಡುಗಿತು.

"ಅಕ್ಕಾ, ನೆಗಡಿಗೆಲ್ಲ ಇದನ್ನ ತಿಂದ್ರೆ ಬಡಕಲು ಕ್ರಿಮಿ ಸಾಯ್ತಾವೆ, ಗಟ್ಟಿ ಇರೋವು ಉಳ್ಕೊಂಡು ಮರಿ ಹಾಕ್ತಾವೆ. ನಾಳೆ ನಿಜವಾಗ್ಲೂ ಬೇಕಾದಾಗ ಇದು ಕೆಲಸಕ್ಕೆ ಬರಲ್ಲ."

"ಆತು ಬಿಡೇ" ಎಂದು ಅವ್ವ ಡಬ್ಬಿಯನ್ನು ಒಳಗಿಟ್ಟಳು. ಚಿಕ್ಕಮ್ಮನ ಬಸ್ಸು ಹೊರಟ ಮೇಲೆ ಅದು ಮತ್ತೆ ಹೊರಗೆ ಬಂತು.

ಹೋದ ವರ್ಷ ಅಂಗಡಿಯಲ್ಲೇ ಅವ್ವನ ಅಂಗಾಲಿಗೆ ಒಡೆದ ಬಳೆಯ ಚೂರು ಚುಚ್ಚಿತು. ಅವ್ವನಿಗೆ ಸಕ್ಕರೆ ಕಾಯಿಲೆ ಬೇರೆ. ಡಬ್ಬಿ ಇರುವಾಗ ಡಾಕ್ಟರೇಕೆ? ಬೆಳಿಗ್ಗೆ ಹಳದಿ, ರಾತ್ರಿ ಕೆಂಪು, ನಡುವೆ ಯಾವುದು ಕೈಗೆ ಸಿಕ್ಕಿತೋ ಅದು. ನಮಗೆ ಹೇಳುವ ಹೊತ್ತಿಗೆ ಪಾದ ಊದಿ ಕಪ್ಪಾಗತೊಡಗಿತ್ತು. ಚಿಕ್ಕಮ್ಮನ ಆಸ್ಪತ್ರೆಗೇ ಹೊತ್ತುಕೊಂಡು ಹೋದೆವು. ಔಷಧಿ ಹಿಡಿಯದಿದ್ದರೆ ಪಾದ ತೆಗೆಯಬೇಕಾಗುತ್ತದೆ ಎಂದರು ಸರ್ಜನ್ ಸಾಹೇಬರು.

ಚಿಕ್ಕಮ್ಮ ಗಾಯದ ಕೀವನ್ನು ತಟ್ಟೆಯಲ್ಲಿ ಬೆಳೆಸಿ ನನ್ನನ್ನು ಕರೆದು ತೋರಿಸಿದಳು. ತಟ್ಟೆಯ ಮೇಲೆ ಒಂದೊಂದು ಔಷಧಿಯ ಪುಟ್ಟ ಬಿಳಿ ಬಿಲ್ಲೆಗಳು. ಔಷಧಿ ಕೆಲಸ ಮಾಡಿದರೆ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದೆ ಬಯಲಾಗುತ್ತದಂತೆ. ಅವ್ವನ ತಟ್ಟೆಯಲ್ಲಿ ಕ್ರಿಮಿಗಳು ಬಿಲ್ಲೆಗಳಿಗೆ ಒರಗಿಕೊಂಡೇ ಬೆಳೆದಿದ್ದವು. ಒಂದು ಮೂಲೆಯ ಬಿಲ್ಲೆಯ ಸುತ್ತ ಮಾತ್ರ ಬಳೆಯ ಹಾಗೆ ದುಂಡಗೆ ಬಯಲಾಗಿತ್ತು.

"ಇದೊಂದೇ ಉಳಿದಿರೋದು ಕಣೋ" ಎಂದಳು. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಎಂದೂ ಕೇಳಿರಲಿಲ್ಲ.

ಆ ಔಷಧಿ ಶುರುವಾಯಿತು. ನಮ್ಮ ಕಡೆ ರೋಗಿಯನ್ನು ನೋಡಲು ಹೋಗುವುದೆಂದರೆ ಗೊತ್ತಲ್ಲ? ಸೊರಬದಿಂದ, ಈಸೂರಿನಿಂದ ವ್ಯಾನು ತುಂಬ ನೆಂಟರು ಬ್ರೆಡ್ಡು, ಎಳನೀರು ಹಿಡಿದು ಬಂದರು. ಎಲ್ಲರಿಗೂ ಮಂಚದ ಮೇಲೇ ಕೂರಬೇಕು, ಎಲ್ಲರಿಗೂ ಗಾಯ ನೋಡಬೇಕು! ಚಿಕ್ಕಮ್ಮ ಬಾಗಿಲಲ್ಲಿ ಅಡ್ಡ ನಿಂತಳು. "ಒಬ್ಬೊಬ್ರೇ. ಕೈ ತೊಳ್ಕೊಂಡು. ಮಂಚ ಮುಟ್ಟೋ ಹಂಗಿಲ್ಲ."

ಸೊರಬದಲ್ಲಿರುವ ಅವ್ವನ ದೊಡ್ಡಪ್ಪನಿಗೆ ರೇಗಿತು. "ನಾವೆಂತ ರೋಗ ಹೊತ್ಕಂಡ್ ಬಂದೀವನೇ?"

"ಹೋಗುವಾಗ ಹೊತ್ಕಂಡ್ ಹೋಗ್ಬಾರ್ದಲ್ಲ ದೊಡ್ಡಪ್ಪಾ!"

ದೊಡ್ಡಪ್ಪ ಗೊಣಗುತ್ತಲೇ ಕೈ ತೊಳೆದರು. ಉಗುರು ಸಂದಿಯನ್ನೂ ತೊಳೆದರು!

ಎಲ್ಲರನ್ನೂ ಒಬ್ಬೊಬ್ಬರಾಗಿ ಒಳಗೆ ಬಿಟ್ಟ ಚಿಕ್ಕಮ್ಮ ತಾನು ಮಾತ್ರ ಬಾಗಿಲು ದಾಟಲಿಲ್ಲ. ಅಲ್ಲೇ ನಿಂತು "ಅಕ್ಕಾ, ಹೆಂಗಿದೀಯೇ?" ಎಂದು ಕೇಳುವುದು, ಹೋಗುವುದು. "ಒಂದ್ಸಲ ಬಂದು ಕೈ ಹಿಡೀಲಿಲ್ಲ ನೋಡೋ ಇವ್ಳು. ಅಷ್ಟು ಹೇಸಿಗೆ ಆದ್ನೇನೋ ನಾನು" ಎಂದು ಅವ್ವ ಗೋಡೆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ನನಗೂ ಸಿಟ್ಟು ಬಂತು. ಹೊರಗೆ ಹೋಗಿ ಕೇಳಿಯೇಬಿಟ್ಟೆ.

"ದಿನಾ ಎಲ್ಲಾ ವಾರ್ಡಿನ ಕ್ರಿಮಿ ಆಡಿಸೋ ಕೈ ಇದು" ಎಂದು ಚಿಕ್ಕಮ್ಮ ಎರಡೂ ಅಂಗೈ ಚಾಚಿದಳು. "ಎಷ್ಟು ತೊಳೆದ್ರೆ ಸಾಕು ಅಂತ ಊರಿಗೆಲ್ಲ ಹೇಳ್ತೀನಿ. ಅಕ್ಕನ ಹತ್ರ ಬಂದ್ರೆ ಮಾತ್ರ ನಂಗೆ ಧೈರ್ಯ ಸಾಲಲ್ಲ ಕಣೋ." ಊರಿನವರನ್ನೆಲ್ಲ ಹೆದರಿಸುವ ಹೆಂಗಸು ಹೀಗೆ ಅತ್ತರೆ ಏನು ಮಾಡುವುದು?

ಔಷಧಿ ಹಿಡಿಯಿತು. ಪಾದ ಉಳಿಯಿತು. ಅವ್ವ ಮನೆಗೆ ಬಂದಳು. ಗಾಯ ಪೂರ್ತಿ ಮಾಯ್ದ ಮೇಲೆ ಒಂದು ಭಾನುವಾರ ಚಿಕ್ಕಮ್ಮ ಶಿಕಾರಿಪುರಕ್ಕೆ ಬಂದು ಅಂಗಡಿಯ ಹೊಸ್ತಿಲಾಚೆಯೇ ನಿಂತಳು.

"ಬಾರೇ ಇಲ್ಲಿ. ಕೈ ಕೊಡು" ಎಂದಳು ಅವ್ವ. ಚಿಕ್ಕಮ್ಮ ಹಿಂದೆ ಮುಂದೆ ನೋಡಿದಳು. ಅವ್ವ ತಾನೇ ಬಗ್ಗಿ ಎಳೆದುಕೊಂಡಳು, ಅಭ್ಯಾಸಬಲದಿಂದ ಅಮುಕಿದಳು, ಕೈಯನ್ನು ತಿರುಗಿಸಿ ನೋಡಿದಳು. ಸೋಪು, ಸ್ಪಿರಿಟ್ಟು ಹಾಕಿ ಹಾಕಿ ಆ ಕೈ ಬಿರುಕು ಬಿಟ್ಟು, ಗೆಣ್ಣುಗಳಲ್ಲಿ ರಕ್ತ ಹೆಪ್ಪುಗಟ್ಟಿತ್ತು.

"ಗಾರೆ ಕೆಲಸದೋರ ಕೈನೂ ಹಿಡಿದೀನಲ್ಲೇ, ಇಷ್ಟು ಒರಟಿರಲಿಲ್ಲ. ಯಾಕೆ ಹೇಳಲಿಲ್ಲ ನಂಗೆ?"

ನನ್ನಿಂದ ಕೊಬ್ಬರಿ ಎಣ್ಣೆ ತರಿಸಿ ಬೆರಳು ಬೆರಳಿಗೂ ತಿಕ್ಕಿದಳು. ಆಮೇಲೆ ಆ ಹಳೇ ಡಬ್ಬಿ ಎಳೆದಳು. ಚಿಕ್ಕಮ್ಮನ ಹುಬ್ಬು ಗಂಟಾಯಿತು. ಮುಚ್ಚಳ ತೆಗೆದರೆ ಒಂದೇ ಒಂದು ಮಾತ್ರೆಯಿಲ್ಲ, ಬರೀ ಹಸಿರು ಗಾಜಿನ ಬಳೆ. ಒಂದೊಂದನ್ನೇ ನೋಯದಂತೆ ಏರಿಸಿದಳು.

"ನಾಳೆ ಕೆಲಸಕ್ಕೆ ಹೋಗುವಾಗ ತೆಗೀತೀನಿ ಅಕ್ಕಾ."

"ತೆಗಿಯೇ. ಇವತ್ತು ಇರ್ಲಿ."

ಸಂಜೆ ಬಸ್ ಸ್ಟ್ಯಾಂಡಿಗೆ ನಾನೇ ಬಿಡಲು ಹೋದೆ. ನಲ್ಲಿ ಕಂಡಲ್ಲೆಲ್ಲ ನಿಲ್ಲುವ ಚಿಕ್ಕಮ್ಮ ಅಲ್ಲಿಯ ನಲ್ಲಿಯನ್ನು ನೋಡಿದಳು, ಬಳೆಗಳನ್ನು ನೋಡಿಕೊಂಡಳು. ಎಣ್ಣೆ ಹಚ್ಚಿದ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ಬಸ್ಸಿನಲ್ಲಿ ಕೂತಳು. ಆ ದಿನ ಅವಳು ಕೈ ತೊಳೆಯಲಿಲ್ಲ.