ಕಾರಿಗೊಂದು ಶಾಮಿಯಾನ

ಹರಿಹರದ ಸರ್ಕಲ್ಲಿನಲ್ಲಿ ಲಗೇಜ್ ಆಟೋವೊಂದು ಹಿಂದಿನಿಂದ ಬಂದು ಗುದ್ದಿದಾಗ ಕರಿಬಸವರಾಜನಿಗೆ ಒಂದು ಗೀರೂ ಆಗಲಿಲ್ಲ. ಕಾರಿನ ಹಿಂಭಾಗ ಮಾತ್ರ ನುಜ್ಜುಗುಜ್ಜಾಗಿ, ಗಾಜು ಮಂಡಕ್ಕಿಯಂತೆ ಸೀಟಿನ ತುಂಬ ಚೆಲ್ಲಿತು. ಕಾರನ್ನು ಹೇಗೋ ಎಂ.ಸಿ.ಸಿ. ಬಡಾವಣೆಯ ಮನೆಮುಂದೆ ತಂದು ನಿಲ್ಲಿಸಿದ್ದೇ, ಇನ್ಶೂರೆನ್ಸಿನ ಸರ್ವೇಯರ್ ಶಿವಕುಮಾರ್ ಫೋನಿನಲ್ಲಿ ಕಟ್ಟಪ್ಪಣೆ ಹೊರಡಿಸಿದ.

"ನಾಳೆ ನಾನೇ ಬಂದು ನೋಡ್ತೀನಿ. ಅಲ್ಲೀತನ ಗಾಡಿ ಅಲುಗಾಡಿಸಬ್ಯಾಡ್ರಿ, ಒಂದು ಟೇಪ್ ಸೈತ ಅಂಟಿಸಬ್ಯಾಡ್ರಿ. ಗುದ್ದಿದ್ದಕ್ಕೆ ಕಂಪನಿ ಕೊಡ್ತದೆ. ಮಳೆನೀರು ಹೊಕ್ಕರೆ ಅದು ನಿಮ್ಮ ಹಣೆಬರ."

ಬೆಳಗಾಗುವುದರೊಳಗೆ ಆಕಾಶ ಎಮ್ಮೆಯಂತೆ ಕಪ್ಪಗೆ ಬಂದು ಮನೆ ಮೇಲೇ ಮಲಗಿತ್ತು.

"ಮುಟ್ಟಬಾರದಂತೆ, ನೆನೆಯಲೂಬಾರದಂತೆ! ಇದೇನು ಕಾರೋ, ಮಡಿ ಹೆಂಗಸೋ?" ಎಂದು ಕರಿಬಸವರಾಜ ಬೀದಿಗೆ ಕೇಳುವಂತೆ ಕೂಗಾಡಿದ.

ಪಕ್ಕದ ಮನೆಯ ಗುತ್ತೆಪ್ಪ ಕಾಂಪೌಂಡಿನ ಮೇಲಿಂದ ತಲೆ ಹಾಕಿದ. ರಿಟೈರ್ ಆದಮೇಲೆ ಊರಿನವರ ಕಷ್ಟವೇ ಅವನ ಉದ್ಯೋಗ. "ಗಾಡಿ ಮುಟ್ಟಬ್ಯಾಡ ಅಂದಾರೆ, ಗಾಡಿ ಮ್ಯಾಲೆ ಚಪ್ಪರ ಹಾಕಬ್ಯಾಡ ಅಂದಾರೇನು? ನಮ್ಮ ಗೌಸ್ ಪೀರ್‌ಗೆ ಫೋನ್ ಹಚ್ಚು."

ಶಾಮಿಯಾನ ಬಾಡಿಗೆ ಕೊಡುವ ಗೌಸ್ ಪೀರ್ ಆನೆಕೊಂಡದ ಅಂಗಡಿಯಿಂದ ಸಾಮಾನು ಹೇರಿಕೊಂಡೇ ಬಂದ. "ಬಣ್ಣದ್ದೆಲ್ಲ ಮದುವೆಗೆ ಹೋಗ್ಯಾವೆ ಸಾವ್ಕಾರ್ರೆ. ಬಿಳೇದು ಐತೆ. ಮ್ಯಾಲೆ ತಾಡಪಾಲು ಹೊದಿಸಿಬಿಡ್ತೀನಿ, ಒಂದು ಹನಿ ಬಿದ್ರೆ ಕೇಳ್ರಿ."

ಅಷ್ಟರಲ್ಲಿ ಶಿವಕುಮಾರನ ಇನ್ನೊಂದು ಫೋನು: ಗುದ್ದಿದವನ ಲೈಸೆನ್ಸಿನ ಜೆರಾಕ್ಸ್ ಬೇಕು. ಕರಿಬಸವರಾಜ ಹಲ್ಲು ಕಡಿಯುತ್ತ ಹರಿಹರಕ್ಕೆ ಹೊರಟ. "ತಡೀರಿ, ನಾನೂ ಬರ್ತೀನಿ. ನಿಮಗೆ ಬಯ್ಯಾಕ ಎಲ್ಲಿ ಬರ್ತದೆ?" ಎಂದು ಹೆಂಡತಿ ಕಸ್ತೂರಮ್ಮ ಮನೆಗೆ ಬೀಗ ಜಡಿದು ಸ್ಕೂಟರಿನ ಹಿಂದೆ ಕೂತಳು.

ಆಟೋದವನನ್ನು ಹುಡುಕಿ, ಬೈದು, ಜೆರಾಕ್ಸ್ ಕಸಿದುಕೊಂಡು ಮಧ್ಯಾಹ್ನ ಮರಳಿದರೆ, ಮನೆಮುಂದೆ ಚಪ್ಪಲಿಗಳ ರಾಶಿ. ಬಿಳಿ ಶಾಮಿಯಾನದ ಕೆಳಗೆ ನುಜ್ಜುಗುಜ್ಜಾದ ಕಾರು. ಗೌಸ್ ಪೀರನ ಆಳುಗಳು ಅಭ್ಯಾಸಬಲದಿಂದ ಸುತ್ತ ಕುರ್ಚಿಗಳನ್ನೂ ಹಾಕಿ ಹೋಗಿದ್ದರು. ಕುರ್ಚಿಯ ತುಂಬ ಜನ. ಮೂಲೆಯಲ್ಲಿ ಭಜನೆಯವರು ತಾಳ ಸರಿಮಾಡಿಕೊಳ್ಳುತ್ತಿದ್ದರು. ಕಾರಿನ ಬಾನೆಟ್ಟಿನ ಮೇಲೆ ಹಾರಗಳು ಬಿದ್ದಿದ್ದವು.

ಕಸ್ತೂರಮ್ಮನ ಅಕ್ಕ ಲಕ್ಷ್ಮೀದೇವಿ ಹರಿಹರದಿಂದ ಬಂದು ಕಾರಿಗೆ ಹಣೆ ಹಚ್ಚಿ ಅಳುತ್ತಿದ್ದಳು. ತಲೆಯೆತ್ತಿ ನೋಡಿದರೆ ಎದುರಿಗೇ ಕರಿಬಸವರಾಜ!

"ಅಕ್ಕಾ, ಯಾರು ಹೋದ್ರು?" ಎಂದ ಅವನು.

"ನೀನೇ ಕಣೋ!" ಎಂದಳು ಅವಳು. ಮರುಕ್ಷಣ ಅಳು ಸಿಟ್ಟಿಗೆ ತಿರುಗಿತು. "ಬಸ್ಸಿನಾಗೆ ನಿಂತ್ಕಂಡು ಅತ್ಕಂತ ಬಂದೀನಿ. ಹೂವಿನ ರೇಟು ಹೆಂಗೈತೆ ಗೊತ್ತೇನು? ಬದುಕಿದ್ದರೆ ಒಂದು ಮಾತು ತಿಳಿಸಾಕ ಏನಾಗಿತ್ತು?"

ಕರಿಬಸವರಾಜನ ಮೈಯೆಲ್ಲ ಉರಿದು ಹೋಯಿತು. "ಬದುಕಿರೋನು ಮನೆಮನೆಗೆ ಹೋಗಿ, ಇವತ್ತೂ ಬದುಕೀನಿ ಅಂತ ಹೇಳಿ ಬರಬೇಕೇನು? ಯಾವನು ಹಬ್ಬಿಸಿದ್ದು ಇದನ್ನ?"

ಎಲ್ಲರೂ ಗುತ್ತೆಪ್ಪನ ಕಡೆ ನೋಡಿದರು.

"ನಾನೇನು ಮಾಡ್ಲಪ್ಪಾ?" ಗುತ್ತೆಪ್ಪ ಕುರ್ಚಿಯಲ್ಲೇ ಹಿಂದೆ ಸರಿದ. "ನಿನ್ನ ಶಾಮಿಯಾನ ನೋಡ್ರಿ ಅಂತ ಗ್ರೂಪಿಗೆ ಒಂದು ಫೋಟೋ ಹಾಕಿದೆ, ಅಷ್ಟೇ. ಆಕ್ಸಿಡೆಂಟ್ ಆದದ್ದು ಎಲ್ಲರಿಗೂ ಗೊತ್ತಿತ್ತು. ಶಾಮಿಯಾನ ನೋಡಿದ್ರೆ ಸಾವಿಗೆ ಹಾಕೋ ಬಿಳೇದು, ಮನೆಗೆ ಬೀಗ ಬೇರೆ. ದವಾಖಾನೆಯಿಂದ ತರಾಕ ಹೋಗ್ಯಾರೆ ಅಂತ ಅವರೇ ಅಂದ್ಕಂಡ್ರು. ಇಷ್ಟು ಜನ ಅತ್ರೆ ನನಗೂ ಅನುಮಾನ ಬರಲ್ಲೇನು?"

"ಒಂದು ಫೋನ್ ಮಾಡಾಕ ಏನಾಗಿತ್ರಿ?" ಕಸ್ತೂರಮ್ಮ ಗುಡುಗಿದಳು.

"ಅಂಥಾ ಹೊತ್ನಾಗೆ ಫೋನ್ ಮಾಡಿ, ಹೋಗಿದ್ದು ಖರೇನಾ ಅಂತ ಕೇಳಾಕಾಗ್ತದೇನವ್ವಾ?"

ಇದು ನ್ಯಾಯವೇ ಎಂದು ಭಜನೆಯವರೂ ತಲೆದೂಗಿದರು.

"ಆ ಸರ್ವೇಯರ್ ಸೈತ ಅದೆಷ್ಟು ಒಳ್ಳೇ ಮನುಷ್ಯ ಅಂತೀಯಾ!" ಗುತ್ತೆಪ್ಪ ಮುಂದುವರಿಸಿದ. "ಬಂದ, ನೋಡಿದ, ಬೂಟು ಬಿಚ್ಚಿ ಕೈ ಮುಗಿದ. ಇಂಥಾ ಹೊತ್ನಾಗೆ ಗಾಡಿ ತಪಾಸಣೆ ಮಾಡಬಾರದು ಅಂತ ಹಂಗೇ ಹೋದ."

ಕರಿಬಸವರಾಜ ಶಿವಕುಮಾರನಿಗೆ ಫೋನ್ ಮಾಡಿದ. "ನಾನು ಕರಿಬಸವರಾಜ್ ಮಾತಾಡ್ತಿರೋದು."

ಆ ಕಡೆಯ ದನಿ ಮೆತ್ತಗಾಯಿತು. "ಅವರ ತಮ್ಮನೇನ್ರಿ? ದನಿ ಹಂಗೇ ಐತೆ, ಪಾಪ."

"ನಾನೇ ಕಣ್ರೀ! ಬದುಕೀನಿ!"

"ಅಯ್ಯೋ, ಮಾಲೀಕರು ತೀರಿಕೊಂಡಾರೆ ಅಂತ ಹೆಡ್ಡಾಫೀಸಿಗೆ ಕಳಿಸಿಬಿಟ್ಟೆನಲ್ರಿ! ಅವರು ನಿಮ್ಮನ್ನ ಬದುಕಿಸೋ ತನಕ ಗಾಡಿ ನೋಡಾಕ ನನಗೆ ಬರೋದಿಲ್ಲ. ನೀವು ಜೀವಂತ ಇದ್ದೀರಿ ಅಂತ ಒಂದು ಸರ್ಟಿಫಿಕೇಟ್ ಮಾಡಿಸ್ರಿ. ಹಾಂ, ಗಾಡಿ ನೆನೀಬಾರದು ನೋಡ್ರಿ ಮತ್ತೆ."

ಫೋನು ಕೆಳಗಿಳಿಸಿದರೆ, ಮತ್ತೆ ಬಂದಿದ್ದ ಗೌಸ್ ಪೀರನ ಆಳುಗಳು ಹಗ್ಗ ಬಿಚ್ಚುತ್ತಿದ್ದರು.

"ಏಯ್! ಏನು ಮಾಡ್ತಿದ್ದೀರಿ?"

ಗೌಸ್ ಪೀರ್ ಸಂಕೋಚದಿಂದ ಕೈ ಹಿಸುಕಿದ. "ಬೇಜಾರು ಮಾಡ್ಕಬ್ಯಾಡ್ರಿ ಸಾವ್ಕಾರ್ರೆ. ಕೆ.ಬಿ. ಬಡಾವಣೆಯಾಗೆ ನಿಜವಾಗ್ಲೂ ಒಬ್ರು ಹೋಗ್ಯಾರೆ. ನೀವು ಹೆಂಗಿದ್ರೂ ಇದ್ದೀರಲ್ಲ."

ಕುರ್ಚಿಯಲ್ಲಿದ್ದವರೆಲ್ಲ ಎದ್ದು ಬಿಚ್ಚಲು ಕೈ ಹಾಕಿದರು. ಸಾವಿನ ಮನೆಯ ಕೆಲಸವಲ್ಲವೇ, ಯಾರೂ ಹಿಂದೆ ಬೀಳಲಿಲ್ಲ. ತಾಡಪಾಲು ಸರ್ರನೆ ಜಾರಿತು.

ಮೊದಲ ಹನಿ ಕರಿಬಸವರಾಜನ ಮೂಗಿನ ಮೇಲೆ ಬಿತ್ತು. ಉಳಿದದ್ದೆಲ್ಲ ಸೀದಾ ಕಾರಿನೊಳಗೆ.