ಹಾಡುಗಳ ಹುಟ್ಟೂರು ಹುಡುಕಿ ಹೋದದ್ದು

ಉಳಿದವರಿಗೆ ಹಾಡು ಕೇಳಿದರೆ ಸಾಕು. ನನಗೆ ಅದು ಎಲ್ಲಿಂದ ಬಂತೆಂದು ತಿಳಿಯದೆ ಊಟ ಸೇರುವುದಿಲ್ಲ. ಬೆಳ್ತಂಗಡಿಯಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ವರ್ಷಗಳಲ್ಲಿ ಈ ಚಟಕ್ಕೆ ತಕ್ಕ ಶಾಸ್ತಿ ಆಗುತ್ತಲೇ ಇತ್ತು.

ಭಜನೆಯ ಮೌನ

ನೆರಿಯದ ಭಜನಾ ಮಂಡಳಿಯವರು ಒಂದು ಹಾಡಿನ ನಡುವೆ ತಾಳ ನಿಲ್ಲಿಸಿ, ಕಣ್ಣು ಮುಚ್ಚಿ ಸುಮ್ಮನಾಗುತ್ತಿದ್ದರು. ನೋಡಿ ನನಗೆ ಮೈ ಜುಮ್ಮೆಂದಿತು. ಯಾವ ಪರಂಪರೆ ಎಂದು ಮುಖ್ಯಸ್ಥರನ್ನು ಕೇಳಿದೆ. ಕ್ಯಾಸೆಟ್ಟಿನಲ್ಲಿ ಹಾಗೇ ಉಂಟು ಎಂದರು. ಹಾಕಿ ಕೇಳಿದರೆ, ಆ ಜಾಗದಲ್ಲಿ ಹಾಡುವವರು ಕೆಮ್ಮುತ್ತಿದ್ದಾರೆ.

"ಹಾಗಾದರೆ ನೀವು ಯಾಕೆ ಕೆಮ್ಮುವುದಿಲ್ಲ?" ಎಂದೆ.

"ನಮಗೆ ಕೆಮ್ಮು ಇಲ್ಲವಲ್ಲ ಮಾರಾಯರೆ," ಎಂದರು.

ದುಃಖದ ಮೂಲ

ಮೂಡುಬಿದಿರೆಯ ನಾಟಕ ತಂಡವೊಂದರ ಶೋಕಗೀತೆಗೆ ಹೆಂಗಸರು ಸೆರಗು ಒದ್ದೆ ಮಾಡಿಕೊಳ್ಳುತ್ತಿದ್ದರು. ರಾಗ ಹಾಕಿದ ಮಾಸ್ತರರಿಗೆ ಏನು ಕಷ್ಟ ಬಂದಿತ್ತೋ ಎಂದು ಅವರನ್ನೇ ಮೆಲ್ಲನೆ ವಿಚಾರಿಸಿದೆ. ಹಾರ್ಮೋನಿಯಮ್ಮಿನ ಎರಡು ಸ್ವರ ಕೆಟ್ಟಿದ್ದವಂತೆ. ಅವೆರಡನ್ನು ಬಿಟ್ಟು ರಾಗ ಮಾಡಿದಾಗ ತಾನಾಗಿ ಅಳು ಬಂತಂತೆ.

"ಆಮೇಲೆ ಅಂಥ ಹಾಡು ಮಾಡಲಿಲ್ಲವೇ?"

"ಎಲ್ಲಿ ಮಾಡುವುದು? ಹೆಂಡತಿ ಅದನ್ನು ರಿಪೇರಿ ಮಾಡಿಸಿಬಿಟ್ಟಳು."

ಗಲ್ಫಿನ ಹಾಡು

ವಿಟ್ಲದ ಬಟ್ಟೆ ವ್ಯಾಪಾರಿ ಬ್ಯಾರಿಯವರ ಮಗ ತಂಗಿಯ ಮದುವೆಗೆಂದು ಗಲ್ಫಿನಿಂದ ಬಂದಿದ್ದ. ಬರುವಾಗ ಒಂದು ಹಾಡು ತಂದಿದ್ದ. ಅಲ್ಲಿ ಅವನ ಕೋಣೆಯವರೆಲ್ಲ ಅದನ್ನು ಹಾಡುತ್ತಾರಂತೆ, ಮೊದಲು ಯಾರು ತಂದದ್ದೆಂದು ಗೊತ್ತಿಲ್ಲ. ಮದುವೆ ಮನೆಯಲ್ಲಿ ಗೆಳೆಯರ ಜೊತೆ ಹಾಡುವುದು, ಅದಕ್ಕೆ ಮೊದಲು ನಾನು ಅದರ ಚರಿತ್ರೆ ಹೇಳುವುದು ಎಂದು ನಿಶ್ಚಯವಾಯಿತು. ಗೊತ್ತಿಲ್ಲ ಎಂದರೆ ನನ್ನ ಮರ್ಯಾದೆಯ ಗತಿ ಏನು? ಬಂಟ್ವಾಳದವರೆಗೂ ಅಲೆದು ಕಂಡ ಗಂಡಸರನ್ನೆಲ್ಲ ಕೇಳಿದೆ. ಕೊನೆಗೆ ಒಬ್ಬ ಹಿರಿಯರು, ಹಡಗಿನವರ ಹಾಡು ಇರಬಹುದು ಎಂದರು. ನಾನು ಆ 'ಇರಬಹುದು' ಎಂಬುದನ್ನು ದಾರಿಯಲ್ಲೇ ಬಿಟ್ಟೆ.

ಮದುವೆಯ ದಿನ ಅಲೆ, ಬಿರುಗಾಳಿ, ಹಾಯಿ ಎಲ್ಲ ಸೇರಿಸಿ ಭಾಷಣ ಮಾಡಿದೆ. ಚಪ್ಪಾಳೆ ಬಿತ್ತು. ಹೆಮ್ಮೆಯಿಂದ ಬೀಗುತ್ತ ಕುಳಿತೆ. ಹಾಡಲು ಎದ್ದ ಮಗ ತನ್ನ ಒಂದೂವರೆ ವರ್ಷದ ಮಗುವನ್ನು ನನ್ನ ತೊಡೆಯ ಮೇಲೆ ಕೂರಿಸಿದ. ಹಾಡು ಶುರುವಾಯಿತು. ಎರಡನೆಯ ಸಾಲಿಗೆ ಮಗು ಗಂಭೀರವಾಯಿತು. ಮೂರನೆಯ ಸಾಲಿಗೆ ನನ್ನ ಹೊಸ ಪಂಚೆ ಬೆಚ್ಚಗಾಯಿತು.

ಅಷ್ಟರಲ್ಲಿ ಒಳಗಿನಿಂದ ಬ್ಯಾರಿಯವರ ಹೆಂಡತಿ ಓಡಿ ಬಂದರು. "ಅದನ್ನು ನಿಲ್ಲಿಸು ಮಗ. ಮಗುವಿಗೆ ಮೂತ್ರ ಮಾಡಿಸುವಾಗ ನಾನು ಹೇಳುವುದು ಅದು."

ಸೊಸೆ ಗಲ್ಫಿನಲ್ಲಿದ್ದ ಗಂಡನಿಗೆ ಕಳಿಸಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿಸುವಾಗಲೆಲ್ಲ ಹಿತ್ತಲಲ್ಲಿ ಇವರು ಮೊಮ್ಮಗುವನ್ನು ಕೂರಿಸಿಕೊಂಡು ಹಾಡುತ್ತಿದ್ದರು. ಹಿಂದಿನಿಂದ ಕೇಳಿಬಂದದ್ದನ್ನು ಇಡೀ ಕೋಣೆ ಕಲಿತಿತ್ತು. ಆ ಮನೆಯ ಹೆಂಗಸರನ್ನೊಂದು ಮಾತು ಕೇಳಲು ನನಗೆ ಹೊಳೆದಿರಲಿಲ್ಲ.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಬ್ಯಾರಿಯವರು ಮಗುವನ್ನು ಎತ್ತಿಕೊಂಡು, ನನ್ನ ಪಂಚೆ ನೋಡಿ, ಸಮಾಧಾನ ಹೇಳಿದರು: "ಬೇಸರ ಮಾಡಬೇಡಿ. ಹಡಗು ಇಲ್ಲದಿದ್ದರೆ ಏನು, ನೀರು ಉಂಟಲ್ಲ."