ಗಂಡಸರ ಚುಕ್ಕೆಪಟ

ಪ್ರಿಯಂವದಾ ಭಾನುವಾರ ಬೆಳಿಗ್ಗೆ ಕೋಣೆಯ ಕಿಟಕಿಯಲ್ಲಿ ನಿಂತು ಬಾಯಿ ತುಂಬ ಆಕಳಿಸಿದಳು. ಎದುರುಮನೆಯ ಮಹಡಿಯಲ್ಲಿ ಹಪ್ಪಳ ಹರವುತ್ತಿದ್ದ ಕಾಮಾಕ್ಷಿ ಮಾಮಿ ಅದನ್ನು ನೋಡಿಬಿಟ್ಟರು. ಕಾಶಿಯ ಶಿವಾಲದ ಗಲ್ಲಿಗಳು ಎಷ್ಟು ಇಕ್ಕಟ್ಟೆಂದರೆ ಈ ಮನೆಯ ಆಕಳಿಕೆ ಆ ಮನೆಯ ಬಾಯಿಗೆ ಹೋಗಿ ಮುಟ್ಟುತ್ತದೆ. ಮಾಮಿಯೂ ಆಕಳಿಸಿದರು, ಆಕಳಿಸುತ್ತಲೇ ತೀರ್ಮಾನಕ್ಕೂ ಬಂದರು. ಮದುವೆಯಾಗದ ಮೂವತ್ತೇಳರ ಹೆಣ್ಣು ಬೆಳಿಗ್ಗೆ ಹೀಗೆ ಆಕಳಿಸುತ್ತಾಳೆಂದರೆ ರಾತ್ರಿಯೆಲ್ಲ ಯಾರ ಜೊತೆಗೋ ಫೋನಿನಲ್ಲಿ ಮಾತಾಡಿರಬೇಕು. ಗಂಡಸು ಆಕಳಿಸಿದರೆ ಪಾಪ, ದುಡಿದು ದಣಿದಿದ್ದಾನೆ. ಪ್ರಿಯಂವದಾ ವಾರವಿಡೀ ಬ್ಯಾಂಕಿನಲ್ಲಿ ದುಡಿದು ದಣಿದಿದ್ದಳು ಎಂಬುದು ಯಾರ ತಲೆಗೂ ಬರಲಿಲ್ಲ.

ಅವಳು ಸ್ನಾನ ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಸುದ್ದಿ ಮನೆಯೊಡತಿ ಪದ್ಮಾಬಾಯಿಯನ್ನು ತಲುಪಿತ್ತು. ಪದ್ಮಾಬಾಯಿಯ ಗಂಡ ಕೃಷ್ಣಮೂರ್ತಿ ಆಚಾರ್ಯರು ಕರ್ನಾಟಕದಿಂದ ಬರುವ ಯಾತ್ರಿಕರಿಗೆ ಸಂಕಲ್ಪ, ಶ್ರಾದ್ಧ ಮಾಡಿಸುವವರು. ಕೆಳಗಿನ ಪಡಸಾಲೆ ಯಾತ್ರಿಕರಿಗೆ, ಮೇಲಿನ ಒಂದು ಕೋಣೆ ಬಾಗಲಕೋಟೆಯಿಂದ ವರ್ಗವಾಗಿ ಬಂದ ಪ್ರಿಯಂವದಾಗೆ ಬಾಡಿಗೆಗೆ.

"ಬಾರವಾ ಇಲ್ಲಿ," ಎಂದರು ಪದ್ಮಾಬಾಯಿ. "ಮ್ಯಾಲಿನ ಖೋಲಿ ಒಳಗ ಒಬ್ಬಾಕಿನೇ ಇರೂ ಹೆಣ್ಮಗಳು ಯಾರು ಅಂತ ಯಾತ್ರಿಕರು ದಿನಾ ಕೇಳ್ತಾರ. ಏನಂತ ಹೇಳ್ಲಿ? ದೀಪಾವಳಿ ಒಳಗ ಮದಿವಿ ಮಾಡ್ಕೋ. ಇಲ್ಲಾಂದ್ರ ಖೋಲಿ ಖಾಲಿ ಮಾಡು."

ಈ ಕೋಣೆ ಸಿಗುವ ಮೊದಲು ಪ್ರಿಯಂವದಾ ಬನಾರಸ್ ಪೂರ್ತಿ ಅಲೆದಿದ್ದಳು. 'ಅಕೇಲಿ?', ಒಬ್ಬಳೇನಾ ಎಂದು ಕೇಳಿ ಬಾಗಿಲು ಹಾಕಿಕೊಂಡ ಮನೆಗಳನ್ನು ಸಾಲಾಗಿ ನಿಲ್ಲಿಸಿದರೆ ಅದೇ ಒಂದು ಮೊಹಲ್ಲಾ ಆಗುತ್ತಿತ್ತು. ಎದುರುಮನೆಯ ಮಹಡಿಯಾಚೆ ಗಂಗೆ ಕಾಣುವ ಆ ಕಿಟಕಿಯನ್ನು ಅವಳು ಗಂಡನಿಗಿಂತ, ಅಂದರೆ ಇಲ್ಲದ ಗಂಡನಿಗಿಂತ, ಹೆಚ್ಚು ಪ್ರೀತಿಸುತ್ತಿದ್ದಳು.

"ಕಾಕು, ನನಗ ಗಂಡೇ ಸಿಗೂದಿಲ್ಲ ಅಂತ ಸಾಬೀತು ಮಾಡಿದ್ರ? ಖೋಲಿ ನನಗ ಉಳೀತದೇನು?"

ಪೇಪರಿನ ಹಿಂದಿನಿಂದ ಆಚಾರ್ಯರ ದನಿ ಬಂತು: "ಪ್ರಮಾಣ ತೋರಸು, ಒಪ್ಪತೀವಿ. ಪ್ರಮಾಣ ಇಲ್ಲದ್ದು ಈ ಮನ್ಯಾಗ ನಡಿಯೂದಿಲ್ಲ."

ಪ್ರಿಯಂವದಾ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು. ವಧೂವರರ ಆ್ಯಪಿನಲ್ಲಿ ತನ್ನನ್ನು ಬೇಡವೆಂದವರ ಮೇಲಿನ ಸಿಟ್ಟಿಗೆ ನೂರಾರು ಗಂಡಸರ ವಯಸ್ಸನ್ನೂ ಅವರು ಕೇಳುವ ಹೆಣ್ಣಿನ ವಯಸ್ಸನ್ನೂ ಒಟ್ಟುಮಾಡಿ ಚುಕ್ಕೆಪಟ ಬರೆದಿದ್ದಳು. ಲ್ಯಾಪ್‌ಟಾಪ್ ತಂದು ಪಡಸಾಲೆಯಲ್ಲಿಟ್ಟಳು.

"ಅಡ್ಡಗೆರಿ ಗಂಡಸಿನ ವಯಸ್ಸು, ನಿಂತ ಗೆರಿ ಅವನಿಗೆ ಬೇಕಾದ ಹೆಂಡತಿ ವಯಸ್ಸು. ಇಪ್ಪತ್ತೆಂಟರಾಂವಗ ಇಪ್ಪತ್ನಾಕರಾಕಿ ಬೇಕು. ಮೂವತ್ತೆಂಟರಾಂವಗೂ ಇಪ್ಪತ್ನಾಕೇ ಬೇಕು. ನಲವತ್ತೈದರಾಂವ ಭಾಳ ಉದಾರಿ, ಮೂವತ್ತರ ತನಕ ಬರ್ತಾನ."

ಘಾಟಿನ ಮೆಟ್ಟಿಲು ಹತ್ತುತ್ತ ಗಂಡಸಿಗೆ ಏದುಸಿರು ಬಂದಿದೆ, ಮಂಡಿ ಹಿಡಿದಿದೆ. ಕಣ್ಣು ಮಾತ್ರ ಕೆಳಗಿನ ಮೆಟ್ಟಿಲಲ್ಲೇ ಕೂತಿದೆ. ಪಟ ಹಾಗಿತ್ತು.

"ಮತ್ತ ಹೆಣ್ಮಕ್ಕಳು?" ಎಂದರು ಪದ್ಮಾಬಾಯಿ.

"ತಮ್ಮ ವಯಸ್ಸಿನ ಆಸುಪಾಸು ಕೇಳ್ತಾರ. ವಯಸ್ಸಾಗೂದು ನಮಗಷ್ಟೇ ಕಾಕು. ಅವರಿಗೆ ಬರೇ ಅನುಭವ ಆಗ್ತದ."

ಪದ್ಮಾಬಾಯಿ ಗಂಡನ ಕಡೆ ಒಮ್ಮೆ ದಿಟ್ಟಿಸಿ ನೋಡಿದರು. ಆಚಾರ್ಯರು ಪೇಪರನ್ನು ಇನ್ನಷ್ಟು ಮೇಲೆತ್ತಿದರು. ಪ್ರಿಯಂವದಾ ಗೆದ್ದೇಬಿಟ್ಟಳು ಅನ್ನುವಷ್ಟರಲ್ಲಿ, ಹಪ್ಪಳ ಕೊಡುವ ನೆಪದಲ್ಲಿ ಒಳಗೆ ಬಂದಿದ್ದ ಕಾಮಾಕ್ಷಿ ಮಾಮಿಯ ಬೆರಳು ಪಟದ ಮೇಲ್ಮೂಲೆಗೆ ಹೋಯಿತು.

"ಏ ಕೌನ್ ಲೋಗ್ ಹೈ, ಬೇಟಿ?"

"ಅವರು... ಅರವತ್ತು ದಾಟಿದವರು, ಮಾಮಿ. ಹೆಂಡತಿ ತೀರಿಕೊಂಡವರು. ಮೂವತ್ತೈದು, ನಲವತ್ತು ಆದ್ರೂ ಅಡ್ಡಿಯಿಲ್ಲ ಅಂತಾರ. ಆದ್ರ ನಾಕೇ ಚುಕ್ಕಿ! ನಾಕು ಚುಕ್ಕಿ ಹಿಡಕೊಂಡು ಏನೂ ಹೇಳಲಿಕ್ಕೆ ಬರೂದಿಲ್ಲ!"

ಅವಳ ಮಾತು ಯಾರಿಗೂ ಕೇಳಿಸಲಿಲ್ಲ. ಪದ್ಮಾಬಾಯಿಯ ಮುಖ ಸಂಜೆಯ ಆರತಿಯಂತೆ ಬೆಳಗುತ್ತಿತ್ತು.

"ಮೊದಲೇ ಹೇಳಬಾರದೇನವಾ? ಹೆಂಡ್ತಿ ಇಲ್ಲದ ಅರವತ್ತರವರು! ಬ್ಯಾರೆ ಮಂದಿ ಅಂಥವರನ್ನ ಊರೂರು ಹುಡುಕಬೇಕು. ನಮ್ಮ ಮನೀಗೆ ತಾವಾಗೇ ನಡಕೊಂಡು ಬರ್ತಾರ!"

ನಿಜ. ಹೆಂಡತಿಯ ಅಸ್ಥಿಯ ಗಂಟು ಹಿಡಿದು ಗಂಗೆಗೆ ಬರುವ ಕನ್ನಡದ ಗಂಡಸರೆಲ್ಲ ಇಳಿದುಕೊಳ್ಳುವುದೇ ಈ ಪಡಸಾಲೆಯಲ್ಲಿ.

"ಪ್ರಮಾಣ ಆಕಿನೇ ಕೊಟ್ಟಾಳ," ಎಂದರು ಆಚಾರ್ಯರು.

ಮಧ್ಯಾಹ್ನದ ಪಂಕ್ತಿಯಲ್ಲಿ ಗದಗಿನ ಕಡೆಯ ಒಬ್ಬರು ತಲೆ ಬೋಳಿಸಿಕೊಂಡು, ಜಗತ್ತೇ ಮುಳುಗಿದ ಮುಖ ಮಾಡಿಕೊಂಡು ಒಬ್ಬರೇ ಕೂತಿದ್ದರು. ಪದ್ಮಾಬಾಯಿ ಸಾರಿನ ಪಾತ್ರೆಯನ್ನು ಪ್ರಿಯಂವದಾಳ ಕೈಗಿತ್ತು, "ನಮ್ಮ ಹುಡುಗಿ ಬ್ಯಾಂಕಿನ್ಯಾಗ ಆಫೀಸರ್ ಇದ್ದಾಳ್ರಿ," ಎಂದು ಶುರುಮಾಡಿದರು. ಆ ಮನುಷ್ಯನ ಮುಖ ಅರಳಿತು. ಪಗಾರ ಎಷ್ಟೆಂದು ಕೇಳಿದರು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಅಷ್ಟರಲ್ಲಿ ಬಾಗಿಲಲ್ಲಿ ಅವರ ಹೆಂಡತಿ, ಎರಡೂ ಕೈಯಲ್ಲಿ ಬನಾರಸಿ ಸೀರೆಗಳ ಚೀಲ ಹಿಡಿದು, ಗಟ್ಟಿಮುಟ್ಟಾಗಿ ಬಂದು ನಿಂತರು. ಗಂಡನ ದುಃಖಕ್ಕೆ ಕಾರಣ ಆ ಚೀಲಗಳು. ಬೋಳುತಲೆ ಪ್ರಯಾಗದ ಹರಕೆ.

"ನಿನಗ ನಾಚಿಗಿ ಬರೂದಿಲ್ಲೇನು?" ಎಂದು ಆಕೆ ಗುಡುಗಿದರು.

ಗಂಡನಿಗಲ್ಲ, ಪ್ರಿಯಂವದಾಗೆ.

ಪದ್ಮಾಬಾಯಿ ಸೋಲುವವರಲ್ಲ. ಪಡಸಾಲೆಯ ಆ ತುದಿಯಲ್ಲಿ, ಹಂಸತೂಲಿಕಾತಲ್ಪವೆಂದು ತಾವು ಕರೆಯುವ ಹಳೆ ಹಾಸಿಗೆಯಲ್ಲಿ ಮಲಗಿದ್ದ ಯಾತ್ರಿಕ ವೇದವ್ಯಾಸರಾಯರನ್ನು ಎಬ್ಬಿಸಿ ಕರೆತಂದರು. ವಯಸ್ಸು ಅರವತ್ನಾಲ್ಕು, ನೀರಾವರಿ ಇಲಾಖೆಯಿಂದ ನಿವೃತ್ತರು. ಹೆಂಡತಿಯ ವರ್ಷಾಂತಿಕ, ಗಯಾಶ್ರಾದ್ಧ ಎಲ್ಲ ಮುಗಿದಿದ್ದವು. ಅನುಮಾನಕ್ಕೆ ಜಾಗವೇ ಇರಲಿಲ್ಲ.

"ಎಷ್ಟು ವಯಸ್ಸು?" ಎಂದರು ರಾಯರು.

"ಮೂವತ್ತೇಳು."

ರಾಯರು ಅಣೆಕಟ್ಟಿನ ಬಿರುಕು ನೋಡುವವರಂತೆ ಕಣ್ಣು ಕಿರಿದು ಮಾಡಿದರು. "ತುಸು ಹೆಚ್ಚಾತು. ನನಗ ಮೂವತ್ತರ ಒಳಗ ಇದ್ರ ಅನುಕೂಲ. ಮುಪ್ಪಿನ್ಯಾಗ ನನ್ನ ನೋಡ್ಕೊಳ್ಳಾಕಿ ಗಟ್ಟಿ ಇರಬೇಕಲ್ರಿ?"

ಬೇಡವೆನ್ನಿಸಿಕೊಂಡದ್ದಕ್ಕೆ ಪ್ರಿಯಂವದಾ ಜೀವಮಾನದಲ್ಲಿ ಮೊದಲ ಸಲ ಹಿಗ್ಗಿದಳು. "ಕೇಳಿದ್ರೇನ್ರಿ, ಆಚಾರ್ಯರ? ಇದಕ್ಕಿಂತ ಪ್ರಮಾಣ ಬೇಕೇನ್ರಿ?"

"ಬ್ಯಾಡವಾ. ಸಾಕು," ಎಂದರು ಆಚಾರ್ಯರು. "ಇನ್ನ ನಿನ್ನ ಮದಿವಿ ಮಾತು ಈ ಮನ್ಯಾಗ ಯಾರೂ ತಗಿಯೂದಿಲ್ಲ," ಎಂದು ಪದ್ಮಾಬಾಯಿಯೂ ಸೆರಗಿನಿಂದ ಹಣೆ ಒರೆಸಿಕೊಂಡರು.

ಪ್ರಿಯಂವದಾ ಮೇಲೆ ಹೋಗಿ ಕಿಟಕಿಯ ಪಕ್ಕ ಅಡ್ಡಾದಳು. ಎಲ್ಲೋ ದೋಣಿಯವನೊಬ್ಬ ಗಿರಾಕಿಯನ್ನು ಕೂಗುತ್ತಿದ್ದ. ಕಣ್ಣು ಮುಚ್ಚಿದ್ದಷ್ಟೇ ಗೊತ್ತು.

ಸಂಜೆ ಬಾಗಿಲು ಬಡಿದ ಸದ್ದಿಗೆ ಎದ್ದು ತೆರೆದಳು. ಪದ್ಮಾಬಾಯಿ, ಆಚಾರ್ಯರು, ಅವರ ಹಿಂದೆ ವೇದವ್ಯಾಸರಾಯರು. ರಾಯರು ಅವಳನ್ನು ದಾಟಿಕೊಂಡು ನೇರ ಕಿಟಕಿಗೆ ಹೋದರು.

"ಖೋಲಿ ಛಲೋ ಅದ. ಗಂಗಿ ಕಾಣ್ತದ."

ಆಚಾರ್ಯರು ನೆಲ ನೋಡುತ್ತ ಹೇಳಿದರು: "ರಾಯರು ಕಾಶೀವಾಸ ಮಾಡ್ತಾರಂತವಾ. ಉಸಿರಿರೂ ತನಕ ಈ ಖೋಲಿ ಒಳಗ. ಪುಣ್ಯದ ಕೆಲಸ, ಇಲ್ಲ ಅನ್ನಲಿಕ್ಕೆ ಆಗೂದಿಲ್ಲ. ನೀ ದೀಪಾವಳಿ ತನಕ ಏನೂ ಕಾಯಬ್ಯಾಡ..."

"ಪ್ರಮಾಣ ಒಪ್ಪಿದ್ರಲ್ರಿ!"

"ಒಪ್ಪೇವಲ್ಲ. ಮದಿವಿ ಮಾತು ತಗದಿವೇನು?"

ಪ್ರಿಯಂವದಾ ಪದ್ಮಾಬಾಯಿಯ ಕಡೆ ತಿರುಗಿದಳು. "ಇವರೂ ಒಬ್ಬರೇ ಅಲ್ಲೇನ್ರಿ, ಕಾಕು? ಯಾತ್ರಿಕರು ಕೇಳಿದ್ರ ಏನಂತ ಹೇಳ್ತೀರಿ?"

"ಗಂಡಸರನ್ನ ಯಾರು ಕೇಳ್ತಾರವಾ?" ಎಂದರು ಪದ್ಮಾಬಾಯಿ. ಆ ದನಿಯಲ್ಲಿ ಇವಳಿಗಿಂತ ಹಳೆಯ ದಣಿವಿತ್ತು.

ರಾಯರಿಗೆ ಇದ್ಯಾವುದೂ ಬೇಕಿರಲಿಲ್ಲ. ಅವರು ಮೂಲೆಯ ಗ್ಯಾಸ್ ಒಲೆಯನ್ನು ಒಮ್ಮೆ ಹೊತ್ತಿಸಿ, ಆರಿಸಿ, ತೃಪ್ತಿಯಿಂದ ತಲೆಯಾಡಿಸಿದರು.

"ಎರಡು ಹೊತ್ತು ಅಡಿಗಿ ಮಾಡಿ ಹಾಕಲಿಕ್ಕೆ ಒಬ್ಬಾಕಿನ್ನ ನೋಡ್ರಿ, ಪದ್ಮಾಬಾಯಾರ," ಎಂದರು. "ವಯಸ್ಸು ಎಷ್ಟಾದ್ರೂ ಇರ್ಲಿ, ನಡೀತದ."